ದೀಪ ಹಚ್ಚಿದರೆ ಐಸ್

ಎಲ್ಲರಿಗೂ ನಮಸ್ಕಾರ. ಕೋಲಾರದ ಮಂಡಿಗೆ ಟೊಮೆಟೊ ಹಾಕಿ ಬಂದು, ರೇಡಿಯೋ ಹಚ್ಚಿ ಕೂತವರು ಎಷ್ಟೋ ಜನ ಇರುತ್ತೀರಿ. ಇವತ್ತು ನಾನು ಹೇಳುವುದು ಒಂದೇ ಮಾತು. ಬಿಸಿಯಿಂದ ತಂಪು ಮಾಡಬಹುದು. ಇದನ್ನು ಹೇಳಿದಾಗಲೆಲ್ಲ, "ಏನ್ ಸಾರ್, ತಮಾಷೆನಾ?" ಅನ್ನುತ್ತಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇದೇ ತಮಾಷೆಯನ್ನು ಪಾಠ ಮಾಡಿದ್ದೇನೆ.

ಶ್ರೀನಿವಾಸಪುರದ ಹತ್ತಿರ ನಮ್ಮ ಸೋದರಮಾವನ ಮನೆ. ಆಗ ಆ ಊರಿಗೆ ಕರೆಂಟ್ ಇರಲಿಲ್ಲ. ಮಾವ ಎಲ್ಲಿಂದಲೋ ಒಂದು ಹಳೇ ಸೀಮೆಎಣ್ಣೆ ಫ್ರಿಜ್ ತಂದರು. ಎತ್ತಿನ ಗಾಡಿಯಲ್ಲಿ ಬಂತು. ಕೆಳಗೆ ಎಣ್ಣೆ ಡಬ್ಬ, ಬತ್ತಿ. ಹಿಂದೆ ಚಿಮಣಿ. ದೀಪ ಹಚ್ಚಿದರು, ಮೂರು ದಿನ ಉರಿಯಿತು. ಒಳಗಿಟ್ಟ ಮಜ್ಜಿಗೆ ಹುಳಿಯಾಯಿತೇ ಹೊರತು ತಣ್ಣಗಾಗಲಿಲ್ಲ. "ಬೆಂಕಿ ಹಚ್ಚಿದರೆ ಅನ್ನ ಬೇಯುತ್ತೆ ಕಣೋ" ಅಂತ ಅಜ್ಜಿ ನಕ್ಕಿದ್ದೇ ನಕ್ಕಿದ್ದು. ಮಾವನ ಮುಖ ನೋಡಬೇಕಿತ್ತು.

ನಾಲ್ಕನೇ ದಿನ ಹಿತ್ತಿಲ ಗೋಡೆ ಕಟ್ಟಲು ಬಂದಿದ್ದ ಗಾರೆಯವರು ಸುಮ್ನೆ ಒಂದು ತಟ್ಟೆಗೆ ನೀರು ಹಾಕಿ ಫ್ರಿಜ್ ಮೇಲಿಟ್ಟರು. ನೀರೆಲ್ಲ ಒಂದು ಅಂಚಿಗೆ ಸರಿಯಿತು. ಸಗಣಿ ಸಾರಿಸಿದ ಮಣ್ಣಿನ ನೆಲ, ಮಟ್ಟ ಎಲ್ಲಿಂದ ಬರಬೇಕು? ಒಂದು ಕಾಲಿನ ಕೆಳಗೆ ಹೆಂಚಿನ ಚೂರು ಕೊಟ್ಟರು. ಮರುದಿನ ಬೆಳಿಗ್ಗೆ ಒಳಗೆ ಬೆಳ್ಳಗೆ ಮಂಜು ಕಟ್ಟಿತ್ತು. ಅಜ್ಜಿ ಮುಟ್ಟಿ, "ಅಯ್ಯೋ, ಸುಡುತ್ತಲ್ಲೋ!" ಅಂತ ಕೈ ಎಳೆದುಕೊಂಡರು.

ಅದರಲ್ಲಿ ಪಂಪ್ ಇಲ್ಲ, ಮೋಟರ್ ಇಲ್ಲ. ದ್ರವ ತನ್ನಷ್ಟಕ್ಕೆ ಇಳಿಜಾರಿನಲ್ಲಿ ಹರಿಯಬೇಕು. ವಾಲಿದರೆ ಅಲ್ಲೇ ನಿಂತುಬಿಡುತ್ತದೆ. 1922ರಲ್ಲಿ ಪ್ಲಾಟೆನ್, ಮುಂಟರ್ಸ್ ಅಂತ ಸ್ವೀಡನ್‌ನ ಇಬ್ಬರು ವಿದ್ಯಾರ್ಥಿಗಳು ಮಾಡಿದ ಉಪಾಯ ಅದು. ಓದುತ್ತಿದ್ದ ಹುಡುಗರು ರೀ!

ತಂಪು ಎಲ್ಲಿಂದ ಬಂತು? ಇಂಜೆಕ್ಷನ್‌ಗೆ ಮುಂಚೆ ನರ್ಸಮ್ಮ ಸ್ಪಿರಿಟ್ ಸವರಿದಾಗ ತೋಳು ತಣ್ಣಗಾಗುತ್ತದೆ, ಅಲ್ವಾ? ಆವಿಯಾಗುವ ದ್ರವ ಹತ್ತಿರದ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಫ್ರಿಜ್ಜಿನಲ್ಲಿ ಆ ಕೆಲಸ ಅಮೋನಿಯಾದ್ದು. ಬಯಲಲ್ಲಿಟ್ಟರೆ ಅದು ಮೈನಸ್ 33 ಡಿಗ್ರಿಯಲ್ಲೇ ಕುದಿಯುತ್ತದೆ. ಆದರೆ ಹೋದ ಆವಿಯನ್ನು ವಾಪಸ್ ಹಿಡಿಯಬೇಕಲ್ಲ? ಕರೆಂಟ್ ಫ್ರಿಜ್ಜಿನಲ್ಲಿ ಕಂಪ್ರೆಸರ್ ಅದನ್ನು ಎಳೆದು ಒತ್ತುತ್ತದೆ. ಇಲ್ಲಿ ನೀರು ಕುಡಿಯುತ್ತದೆ. ಒಂದು ಲೀಟರ್ ನೀರು ನೂರಾರು ಲೀಟರ್ ಅಮೋನಿಯಾ ಆವಿಯನ್ನು ಗಟಗಟ ಕುಡಿದುಬಿಡುತ್ತದೆ. ಆ ನೀರಿನ ಬುಡಕ್ಕೆ ದೀಪ ಇಟ್ಟರೆ, ಕುಡಿದದ್ದನ್ನೆಲ್ಲ ಕಕ್ಕುತ್ತದೆ. ಕಕ್ಕಿದ ಆವಿ ಹಿಂದಿನ ಕೊಳವೆಯಲ್ಲಿ ಆರಿ ಮತ್ತೆ ದ್ರವ. ಮತ್ತೆ ಒಳಗೆ. ಅಷ್ಟೇ. ಕಂಪ್ರೆಸರ್ ಮಾಡುವ ಕೆಲಸವನ್ನು ಬಿಸಿ ಮಾಡುತ್ತದೆ. ಇನ್ನೊಮ್ಮೆ ಹೇಳುತ್ತೇನೆ, ಕಂಪ್ರೆಸರ್ ಕೆಲಸವನ್ನು ಬಿಸಿ ಮಾಡುತ್ತದೆ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ನನ್ನ ಅಜ್ಜಿಯೇ ಅರ್ಧ ಸಮಯ ತಿಂದರು. ಬೇಗ ಹೇಳಿಬಿಡುತ್ತೇನೆ. ಕೆಲವು ದೊಡ್ಡ ಕಟ್ಟಡಗಳ ಎಸಿಗೆ ಲಿಥಿಯಂ ಬ್ರೋಮೈಡ್ ಅನ್ನುವ ಉಪ್ಪು ಬಳಸುತ್ತಾರೆ. ಅಲ್ಲಿ ಉಪ್ಪಿನ ದ್ರಾವಣ ಕುಡಿಯುತ್ತದೆ, ನೀರೇ ಆವಿಯಾಗಿ ತಂಪು ಕೊಡುತ್ತದೆ. ಅದರಲ್ಲಿ ಐಸ್ ಆಗಲ್ಲ. ಟೊಮೆಟೊಗೆ ಐಸ್ ಯಾಕೆ? ಹನ್ನೆರಡು ಡಿಗ್ರಿ ಸಾಕು. "ಕರೆಂಟೇ ಬೇಡ್ವಾ ಸಾರ್?" ಅಂತ ಕೇಳುತ್ತೀರಿ. ದೊಡ್ಡ ಯಂತ್ರದ ಪಂಪಿಗೆ ಸ್ವಲ್ಪ ಬೇಕು. ಮಿಕ್ಕಿದ್ದನ್ನು ಕಾರ್ಖಾನೆಗಳು ಸುಮ್ನೆ ಹೊರಗೆ ಬಿಡುತ್ತಿರುವ ಬಾಯ್ಲರ್ ಹಬೆ ನೋಡಿಕೊಳ್ಳುತ್ತದೆ. ಸೋಲಾರ್ ಬಿಸಿನೀರೂ ಆದೀತು, ಚೆನ್ನಾಗಿ ಕಾದಿದ್ದರೆ. ಆಯಿತು, ಆಯಿತು, ನಿಲ್ಲಿಸುತ್ತೇನೆ. ನಮಸ್ಕಾರ.