ಹಳೇ ಮರ, ಬೈಕಿನ ಸ್ಪ್ರಿಂಗು, ಒಂದು ಕೆಂಪು ಗಿಟಾರು

ಎಲ್ಲರಿಗೂ ನಮಸ್ಕಾರ. ಈ ಗಿಟಾರನ್ನು ಚೀಲದಿಂದ ತೆಗೆದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ “ಬ್ರಿಯಾನ್ ಮೇ!” ಅಂದರು. ಖುಷಿಯಾಯಿತು. ಹೌದು, ಇದು ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ಬ್ರಿಯಾನ್ ಮೇ ನುಡಿಸುವ ‘ರೆಡ್ ಸ್ಪೆಷಲ್’ ಗಿಟಾರಿನ ಪ್ರತಿ. ಎರಡು ವರ್ಷ ಭಾನುವಾರಗಳಲ್ಲಿ ಕೂತು ಮಾಡಿದ್ದು.

ಅಸಲಿಯ ಕಥೆ ನಿಮಗೆಲ್ಲ ಗೊತ್ತು, ಅಲ್ವಾ? 1963ರಲ್ಲಿ ಲಂಡನ್ನಿನ ಹದಿಹರೆಯದ ಹುಡುಗ ಬ್ರಿಯಾನ್, ಅವನ ಅಪ್ಪ ಹೆರಾಲ್ಡ್. ಅಂಗಡಿಯ ಗಿಟಾರಿಗೆ ದುಡ್ಡಿಲ್ಲ. ಹಳೇ ಅಗ್ಗಿಷ್ಟಿಕೆಯ ಮಹಾಗನಿ ತಂದು ಕುತ್ತಿಗೆ ಕೆತ್ತಿದರು. ಹುಳ ಕೊರೆದ ತೂತಿಗೆ ಬೆಂಕಿಕಡ್ಡಿ ತುಂಬಿದರು. ಫ್ರೆಟ್, ಅಂದರೆ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ, ಅದರ ಗುರುತಿಗೆ ಮುತ್ತಿನ ಚಿಪ್ಪಿನ ಗುಂಡಿ. ಇದನ್ನು ಬಡತನದ ಕಥೆ ಅಂತ ಹೇಳಿ ಎಲ್ಲರೂ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ನನಗೆ ಅದು ಸಾಲದು. ಆ ಅಪ್ಪ ಎಲೆಕ್ಟ್ರಾನಿಕ್ಸ್ ಬಲ್ಲವರು. ಮಗ ಮುಂದೆ 2007ರಲ್ಲಿ ಖಗೋಳ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದವರು. ಅವರು ಜೋಡಿಸಿದ ಒಂದೊಂದು ತುಂಡಿಗೂ ಒಂದು ‘ಯಾಕೆ’ ಇದೆ. ಪ್ರತಿ ಮಾಡುವವರು ಮೊದಲು ಹುಡುಕಬೇಕಾದ್ದು ಅದನ್ನೇ.

ಟ್ರೆಮೊಲೊ ನೋಡಿ, ಸ್ವರವನ್ನು ಅಲುಗಾಡಿಸುವ ಹಿಡಿಯ ಏರ್ಪಾಡು. ಹಿಡಿ ಒತ್ತಿದರೆ ತಂತಿ ಸಡಿಲವಾಗಿ ಸ್ವರ ಇಳಿಯುತ್ತದೆ. ಬಿಟ್ಟರೆ ಸ್ವರ ವಾಪಸ್ ಅದೇ ಜಾಗಕ್ಕೆ ಬರಬೇಕು. ಆ ಕಾಲದ ಗಿಟಾರುಗಳಲ್ಲಿ ಎಷ್ಟೋ ಸಲ ಬರುತ್ತಿರಲಿಲ್ಲ. ಕಾರಣ ಉಜ್ಜಾಟ. ಹಾಗಾಗಿ ಇವರು ಉಕ್ಕಿನ ತಟ್ಟೆಯನ್ನು ಚಾಕುವಿನ ಅಲಗಿನಂಥ ಅಂಚಿನ ಮೇಲೆ ತೂಗಿಸಿದರು, ತಕ್ಕಡಿ ತೂಗಿದ ಹಾಗೆ. ತಂತಿಗಳ ಎಳೆತಕ್ಕೆ ಎದುರಾಗಿ 1928ರ ಪ್ಯಾಂಥರ್ ಮೋಟಾರ್ ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗ್. ತಂತಿಗಳು ಕೂರುವ ಬ್ರಿಜ್ ಮೇಲೆ ಪ್ರತಿ ತಂತಿಗೂ ಪುಟ್ಟ ಉರುಳೆ. ಹಿಡಿಯ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಂಡು!

ನಾನು ಶಿವಾಜಿನಗರದ ಗುಜರಿಯಲ್ಲಿ ಅಲೆದು ಹಳೇ ಬೈಕಿನ ಸ್ಪ್ರಿಂಗ್ ತಂದೆ. ತಟ್ಟೆಯನ್ನು ಒಂದು ಲೇತ್ ಅಂಗಡಿಗೆ ಕೊಟ್ಟೆ. ವಾರದ ನಂತರ ಹೋದರೆ ತಟ್ಟೆ ಕನ್ನಡಿಯ ಹಾಗೆ ಫಳಫಳ. “ಫ್ರೀಯಾಗಿ ಪಾಲಿಶ್ ಹಾಕಿದ್ದೀನಿ ಸಾರ್” ಅಂದರು. ಪ್ರೀತಿಯಿಂದ ಮಾಡಿದ ಕೆಲಸ. ಆದರೆ ಅಂಚು ದುಂಡಗಾಗಿ ಹೋಗಿತ್ತು. ಮನೆಗೆ ತಂದು ಕೂರಿಸಿದೆ. ಹಿಡಿ ಒತ್ತಿ ಬಿಟ್ಟರೆ ಸ್ವರ ಪ್ರತಿ ಸಲವೂ ಒಂದು ಕೂದಲೆಳೆ ಕೆಳಗೇ ನಿಲ್ಲುತ್ತಿತ್ತು. ಮೂರು ವಾರ ತಂತಿ ಬದಲಿಸಿದೆ, ತಂತಿ ಬಿಗಿಯುವ ಕೀಲಿ ಬದಲಿಸಿದೆ. ಕೊನೆಗೆ ಒಂದು ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಅಂಚಿನ ಮೇಲೆ ಬೆಳಕಿನ ಒಂದು ಸಣ್ಣ ಪಟ್ಟಿ ಕಂಡಿತು. ಹರಿತವಾದ ಅಂಚಿನ ಮೇಲೆ ಬೆಳಕು ನಿಲ್ಲುವುದಿಲ್ಲ! ಅರ ಹಿಡಿದು ಉಜ್ಜಿದೆ. ಬೆಳಗಿನ ಜಾವ ಹಿಡಿ ಒತ್ತಿ ಬಿಟ್ಟೆ. ಸ್ವರ ವಾಪಸ್ ಬಂತು. ಆ ಅಪ್ಪ, ಮಗ ಆ ಅಂಚು ಯಾಕಿಟ್ಟರು ಅಂತ ನನ್ನ ಕೈಗೆ ಅವತ್ತು ಗೊತ್ತಾಯಿತು.

ಕೈಯ ಮಾತು ಬಂತಲ್ಲ, ಇದನ್ನೂ ನೋಡಿ. ಮೇ ತಂತಿ ಮೀಟುವ ಪ್ಲಾಸ್ಟಿಕ್ ಪಿಕ್ ಬಳಸುವುದಿಲ್ಲ. ಬ್ರಿಟನ್ನಿನ ಆರು ಪೆನ್ನಿಯ ಹಳೇ ನಾಣ್ಯದಿಂದ ನುಡಿಸುತ್ತಾರೆ. ಯಾಕೆ? ಲೋಹ ಬಾಗುವುದಿಲ್ಲ, ತಂತಿಯ ಅಲುಗಾಟವೆಲ್ಲ ಬೆರಳಿಗೆ ಬರುತ್ತದೆ. ನಾಣ್ಯದ ಗೀರು ಅಂಚು ತಂತಿಗೆ ತಾಗಿ ಸ್ವರಕ್ಕೆ ಒಂದು ‘ಚರ್’ ಸೇರುತ್ತದೆ. ನನ್ನ ಹತ್ತಿರ ಇರುವುದು ನಮ್ಮ ನಾಲ್ಕಾಣೆ. 2011ರಲ್ಲಿ ಚಲಾವಣೆ ನಿಂತಿತಲ್ಲ, ಅದೇ. ಅದರ ಅಳತೆಯೂ ಹೆಚ್ಚುಕಡಿಮೆ ಅಷ್ಟೇ, ಅಂಚಿನಲ್ಲಿ ಗೀರೂ ಇದೆ. ಅಜ್ಜಿಯ ಡಬ್ಬಿಯಲ್ಲಿ ಸಿಕ್ಕಿತು.

ಐದೇ ನಿಮಿಷ ಅಂತ ಚೀಟಿ ಬಂದಿದೆ. ಪಿಕಪ್, ಅಂದರೆ ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತ ಮಾಡುವ ಸುರುಳಿ, ಅದರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹುಡುಗ ಮೊದಲು ತಾನೇ ಪಿಕಪ್ ಸುತ್ತಿದ್ದ. ತಂತಿ ಎಳೆದು ಬಾಗಿಸಿದರೆ ಕರಕರ ಸದ್ದು ಬರುತ್ತಿತ್ತು. ಆಮೇಲೆ ಬರ್ನ್ಸ್ ಕಂಪನಿಯ ಟ್ರೈಸಾನಿಕ್ ಪಿಕಪ್ ಮೂರು ಕೊಂಡು, ಕಿರುಚದಿರಲಿ ಅಂತ ಒಳಗೆ ಅರಾಲ್ಡೈಟ್ ಸುರಿದರು. ಹೌದು, ನಮ್ಮ ಮನೆಗಳಲ್ಲೂ ಇರುವ ಅದೇ ಅರಾಲ್ಡೈಟ್. ಮೂರೂ ಪಿಕಪ್ ಸೀರೀಸ್‌ನಲ್ಲಿವೆ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದ್ದು. ಒಂದೊಂದಕ್ಕೂ ಎರಡು ಸ್ವಿಚ್: ಒಂದು ಆನ್-ಆಫ್‌ಗೆ, ಇನ್ನೊಂದು ಫೇಸ್, ಅಂದರೆ ಸಂಕೇತದ ಏರಿಳಿತವನ್ನು ತಲೆಕೆಳಗು ತಿರುಗಿಸಲು. ಎರಡು ಪಿಕಪ್ಪಿನ ಫೇಸ್ ಎದುರುಬದುರಾದರೆ ಸಮಾನವಾದ ಸ್ವರ ಅಳಿಸಿಹೋಗಿ ತೆಳುವಾದ, ಚುಚ್ಚುವ ದನಿ ಉಳಿಯುತ್ತದೆ. ವಯರಿಂಗ್ ನಕ್ಷೆ ಬೇಕಾದವರು ಆಮೇಲೆ ಸಿಗಿ. 24 ಇಂಚಿನ ಸ್ಕೇಲ್ (ತಂತಿ ಮಿಡಿಯುವ ಉದ್ದ), ಕುತ್ತಿಗೆಯ ತುದಿಯ ಝೀರೋ ಫ್ರೆಟ್, ಇವಕ್ಕೂ ‘ಯಾಕೆ’ ಇದೆ. ಇವತ್ತು ಹೊತ್ತಿಲ್ಲ.

ಆಂಪ್ ಆನ್ ಮಾಡ್ತೀರಾ? ಹಿಂದಿನ ಸಾಲಿನಲ್ಲಿ ಮೊದಲು ಹೆಸರು ಹೇಳಿದವರು ಮುಂದೆ ಬನ್ನಿ. ನಾಲ್ಕಾಣೆ ತಗೊಳ್ಳಿ. ತಂತಿ ಮೀಟಿ, ಹಿಡಿಯನ್ನು ಪೂರ್ತಿ ಒತ್ತಿ, ಸುಮ್ನೆ ಕೈ ಬಿಡಿ.