ಮಾರಿದ ಮಾಲು ವಾಪಸ್ ಇಲ್ಲ ಅಂದ್ರ ಮುಗೀತೇನ್ರೀ?

[ಪರದೆ: ಒಂದು ಬಿಲ್ಲು, ಹತ್ತಿರದಿಂದ. ಬೆರಳು ಕಟ್ಟಕಡೀ ಸಾಲಿನ ಮ್ಯಾಲೆ ಬಂದು ನಿಲ್ಲತೈತಿ.]

ಓದ್ರಿ ಇದನ್ನ. "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ." ನಮ್ಮ ಹುಬ್ಬಳ್ಳಿ ದುರ್ಗದಬೈಲಿನಾಗ ಸೀರಿ ತಗೋರಿ, ಕೊಪ್ಪಿಕರ್ ರೋಡಿನಾಗ ಚಪ್ಪಲಿ ತಗೋರಿ, ಬಿಲ್ಲಿನ ತಲಿಮ್ಯಾಲೆ ದೇವರ ಹೆಸರು, ಬುಡಕ್ಕ ಈ ಸಾಲು. ಎರಡನ್ನೂ ನಾವು ಪ್ರಶ್ನಿ ಮಾಡಂಗಿಲ್ಲ.

ನಮಸ್ಕಾರ್ರೀ ಎಲ್ಲಾರಿಗೂ. ಇವತ್ತು ಆ ಕೆಳಗಿನ ಸಾಲಿನ ಬಗ್ಗೆ.

[ಪರದೆ: ಅಡಗಿಮನಿ ಕಟ್ಟಿ ಮ್ಯಾಲೆ ಮಿಕ್ಸರ್.]

ದೀಪಾವಳಿಗೆ ನಮ್ಮವ್ವಗ ಹೊಸಾ ಮಿಕ್ಸರ್ ಕೊಡಿಸಿದ್ದೆ. ಹನ್ನೆರಡನೇ ದಿನ ಅಕಿ ಶೇಂಗಾ ಚಟ್ನಿಪುಡಿಗೆ ಹಾಕಿದ್ಲು. ಬಳ್ಳೊಳ್ಳಿ, ಖಾರಪುಡಿ ಎಲ್ಲಾ ಬಿದ್ದಿತ್ತು, ಇನ್ನೊಂದು ಸುತ್ತು ತಿರುಗಿದ್ರ ಆಗಿಹೋಗ್ತಿತ್ತು. ಗುರ್ರ್ ಅಂತು, ಸುಟ್ಟ ವಾಸನಿ ಬಂತು, ನಿಂತಬಿಡ್ತು. ಬುಡದಾಗ ಒಂದು ಕೆಂಪು ಬಟನ್ ಇರ್ತದಲ್ಲ, ಲೋಡ್ ಜಾಸ್ತಿ ಆದಾಗ ಹೊರಗ ಬರೋದು? ಅದನ್ನ ಒತ್ತಿದ್ವಿ. ಅರ್ಧಾ ತಾಸು ಆರಾಕ ಬಿಟ್ಟು ಮತ್ತ ಒತ್ತಿದ್ವಿ. ಉಸಿರಿಲ್ಲ.

ಅಂಗಡಿಗೆ ಹೊತಗೊಂಡು ಹೋದ್ವಿ. "ಅಕ್ಕಾರ, ನಾವು ಮಾರಾವ್ರಷ್ಟ. ಕಂಪನಿಗೆ ಫೋನ್ ಹಚ್ರಿ." ಹಚ್ಚಿದ್ವಿ. ಕಂಪನಿ ಹುಡುಗ ಬಂದು, ಸ್ಕ್ರೂ ಸೈತ ಬಿಚ್ಚಲಿಲ್ಲ, "ನೀರು ಹೋಗೈತಿ, ವಾರಂಟಿ ಬರಂಗಿಲ್ಲ" ಅಂದ. ಒಣಾ ಶೇಂಗಾದಾಗ ನೀರು ಎಲ್ಲಿಂದ ಬಂತೋ ಅವನಿಗ ಗೊತ್ತು.

ಬಾಜೂಮನಿ ಕಾಕೂ ಅಂತೂ ನೋಡಿದ ಕೂಡ್ಲೇ ತೀರ್ಪು ಕೊಟ್ರು: "ಚೈನಾ ಮಾಲ್ ಇದ್ದೀತು ಬಿಡ." ನಮ್ಮ ಕಡೆ ಹಿಂಗ. ಲಗೂ ಕೆಟ್ಟಿದ್ದಕ್ಕೆಲ್ಲಾ ಚೈನಾದ ಪೌರತ್ವ ಕೊಟ್ಟಬಿಡ್ತೀವಿ. ಖರೇ ಹೇಳಬೇಕಂದ್ರ ಅದನ್ನ ಡಬ್ಬಿ ಮ್ಯಾಲೆ ನೋಡಬೇಕ್ರಿ. ಹೊರದೇಶದಿಂದ ತರಿಸಿದ ಪ್ಯಾಕೆಟ್ ಇದ್ರ ಯಾವ ದೇಶದಾಗ ತಯಾರಾತು, ತರಿಸಿದವ್ರ ಹೆಸರು, ವಿಳಾಸ ಏನು ಅಂತ ಅಚ್ಚು ಹಾಕಬೇಕು. 2011ರ ಪ್ಯಾಕೇಜ್ಡ್ ಕಮೊಡಿಟೀಸ್ ನಿಯಮದಾಗ ಐತಿ ಅದು. "ಮಾರ್ಕೆಟೆಡ್ ಬೈ" ಅಂತ ನಮ್ಮ ದೇಶದ ವಿಳಾಸ ಇದ್ದ ಮಾತ್ರಕ್ಕ ಇಲ್ಲೇ ತಯಾರಾಗೈತಿ ಅಂತಲ್ಲ. ನಮ್ಮ ಡಬ್ಬಿ ತಿರುವಿ ನೋಡಿದ್ರ, ಇಲ್ಲೇ ಭಾರತದಾಗ ತಯಾರಾದದ್ದು! ಪಾಪ, ಚೈನಾದವ್ರು ಏನೂ ಮಾಡಿರಲಿಲ್ಲ.

[ಪರದೆ: ಕಲಂ 2(47)]

ಈಗ ಆ ಸಾಲಿಗೆ ಬರೂಣು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈದಾಗ ಜಾರಿಗೆ ಬಂತು. ಅದರ ಕಲಂ 2(47) ಅನುಚಿತ ವ್ಯಾಪಾರ ಪದ್ಧತಿ ಅಂದ್ರ ಯಾವ್ಯಾವು ಅಂತ ಹೇಳ್ತದ. ಬಿಲ್ ಕೊಡದ ಇರೋದು ಅದರಾಗ ಒಂದು. ದೋಷ ಇರೋ ಮಾಲನ್ನ ವಾಪಸ್ ತಗೊಂಡು ರೊಕ್ಕ ಕೊಡಾಕ ಒಲ್ಲೆ ಅನ್ನೋದು ಇನ್ನೊಂದು. ಎಷ್ಟು ದಿನದಾಗ ವಾಪಸ್ ಅಂತ ಬಿಲ್ಲಿನಾಗ ಬರದಿದ್ರ ಅಷ್ಟು ದಿನ. ಬರದಿಲ್ಲಂದ್ರ 30 ದಿನ.

ನಮ್ಮದು ಹನ್ನೆರಡನೇ ದಿನ!

ಹಂಗಂತ ಮನೀಗೆ ಬಂದು ಬೆಳಕಿನಾಗ ಸೀರಿ ಬಣ್ಣ ಚೊಲೋ ಕಾಣಲಿಲ್ಲಂತ ಹೋಗಿ ಈ ಕಲಂ ಹೇಳಬ್ಯಾಡ್ರಿ. ದೋಷ ಮಾಲಿನಾಗ ಇರಬೇಕು, ನಮ್ಮ ಮನಸ್ಸಿನಾಗಲ್ಲ.

ಆ್ಯಪಿನಾಗ ತಗೊಂಡಿದ್ರ ಬ್ಯಾರೇ ಕಿರಿಕಿರಿ. ತಗೋಬೇಕಾದ್ರ "10 ದಿನದಾಗ ವಾಪಸ್" ಅಂತಿರ್ತದ, ಕೆಟ್ಟ ಮ್ಯಾಲೆ ನೋಡಿದ್ರ "ಬದಲಿ ಮಾತ್ರ, 7 ದಿನ." ಕೇಳಿದ್ರ ಪಾಲಿಸಿ ಬದಲಾಗೈತಿ ಸರ್ ಅಂತಾರ. ಅಲ್ರಿ, ನಾ ರೊಕ್ಕ ಕೊಟ್ಟ ದಿನ ಏನಿತ್ತೋ ಅದನ್ನ ನೋಡಿ ಕೊಟ್ಟೇನಿ! ಅದಕ್ಕ ಆರ್ಡರ್ ಮಾಡೋ ಮುಂದ ಆ ಪುಟದ ಸ್ಕ್ರೀನ್‌ಶಾಟ್ ಹೊಡಕೊಂಡು ಇಟ್ಕೋರಿ. ನಾನಂತೂ ಈಗ ಚಾರ್ಜರ್ ತರಿಸಿದ್ರೂ ಹೊಡಕೋತೀನಿ, ನಮ್ಮ ಮನ್ಯಾವ್ರು ನಕ್ರೂ ಅಡ್ಡಿಯಿಲ್ಲ.

[ಪರದೆ: 1915]

ಮಾತಿಗೆ ಬಗ್ಗಲಿಲ್ಲಂದ್ರ 1915ಕ್ಕ ಫೋನ್ ಹಚ್ರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಾಗ ಮಾತಾಡ್ತಾರ. ಇದು ಕೋರ್ಟ್ ಅಲ್ಲ, ಆದ್ರ ನಿಮ್ಮ ದೂರನ್ನ ಕಂಪನಿಗೆ ಮುಟ್ಟಿಸ್ತಾರ. ಅಲ್ಲೂ ಆಗಲಿಲ್ಲಂದ್ರ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗ. ಹಾವೇರಿ, ಗದಗಿನವ್ರಿಗೆ ನಿಮ್ಮ ಜಿಲ್ಲಾದ್ದ. ಕಂಪನಿ ಆಫೀಸು ಎಲ್ಲೇ ಇರಲಿ, ನೀವು ಇರೋ ಊರಿನ ಆಯೋಗಕ್ಕ ಹೋಗಬಹುದು, ಇದು 2019ರ ಕಾಯ್ದೆಯ ದೊಡ್ಡ ಉಪಕಾರ. ನೀವು ಕೊಟ್ಟ ರೊಕ್ಕ 5 ಲಕ್ಷದೊಳಗ ಇದ್ರ ಫೀ ಇಲ್ಲ. ವಕೀಲರು ಬೇಕಂತಿಲ್ಲ. ಎರಡು ವರ್ಷದೊಳಗ ದೂರು ಕೊಡಬೇಕು. ಮೂರು ತಿಂಗಳದಾಗ, ಲ್ಯಾಬಿಗೆ ಕಳಸೋದಿದ್ರ ಐದು ತಿಂಗಳದಾಗ ಮುಗಸಾಕ ನೋಡಬೇಕಂತ ಕಾಯ್ದೆ ಹೇಳ್ತದ. ತಾರೀಖಿನ ಮ್ಯಾಲೆ ತಾರೀಖು ಬಿದ್ರ ಸಿಟ್ಟಾಗಬ್ಯಾಡ್ರಿ, ಅದಕ್ಕ ಮೊದಲ ಮಾತಿನಾಗ ಮುಗಸೋದು ಚೊಲೋ ಅಂತೀನಿ.

ನಾವು ಹಂಗ ಮಾಡಿದ್ವಿ. ಕಲಮನ್ನ ಬಿಳಿ ಹಾಳಿ ಮ್ಯಾಲೆ ದಪ್ಪಕ್ಷರದಾಗ ಬರಕೊಂಡು, ಬಿಲ್ಲಿನ ಝೆರಾಕ್ಸ್ ಹಚ್ಚಿ, ಮತ್ತ ಅದ ಅಂಗಡಿಗೆ ಹೋದ್ವಿ. ಮಾಲಕರು ಚಸ್ಮಾ ಏರಿಸಿ ಎರಡು ಸಲ ಓದಿದ್ರು. ಜಗಳಾಡಲಿಲ್ಲ. ಒಳಗ ಹೋಗಿ ಹೊಸಾ ಡಬ್ಬಿ ತಂದು, ಅಲ್ಲೇ ಪ್ಲಗ್ಗಿಗೆ ಹಾಕಿ ತಿರುಗಿಸಿ ತೋರಿಸಿದ್ರು. ಅವ್ವಗ ಚಹಾನೂ ಕುಡಿಸಿದ್ರು.

ಹೊಸಾ ಬಿಲ್ ಹರದು ಕೈಯಾಗ ಕೊಟ್ರಲ್ಲ, ನೋಡತೀನಿ, ಬುಡಕ್ಕ ಮತ್ತ ಅದ ಸಾಲು. "ಇದೇನ್ರೀ ಅಣ್ಣಾರ?" ಅಂದೆ.

"ಬಿಲ್ ಬುಕ್ ಇನ್ನೂ ಖಾಲಿ ಆಗಿಲ್ಲೋ ತಮ್ಮಾ" ಅಂದ್ರು.