ಒಂಟೆ ಸೂರ್ಯನಿಗೆ ಮುಖ ಮಾಡಿ ಕೂರೋದ್ಯಾಕೆ? ಪ್ರಾಣಿಗಳು ಬದುಕುಳಿಯುವ ಲೆಕ್ಕಾಚಾರ

[ದೃಶ್ಯ: ಮರಳುಗಾಡು, ಇಳಿಹೊತ್ತಿಗೆ ಮುಂಚಿನ ಬಿಸಿಲು. ಕಾಲು ಮಡಚಿ ಕೂತ ಒಂಟೆ. ಕ್ಯಾಮೆರಾ ಪಕ್ಕದಿಂದ ನಿಧಾನವಾಗಿ ಎದುರಿಗೆ ಬರುತ್ತದೆ.]

ನಮಸ್ಕಾರ. ಈ ಒಂಟೆ ಕೂತಿರೋ ರೀತಿ ನೋಡಿ. ಸುತ್ತ ಎಲ್ಲೂ ನೆರಳಿಲ್ಲ. ನಾವಾಗಿದ್ದರೆ ಬಿಸಿಲಿಗೆ ಬೆನ್ನು ತಿರುಗಿಸ್ತಿದ್ವಿ. ಇದು ಸೂರ್ಯನಿಗೇ ನೇರ ಮುಖ ಕೊಟ್ಟು ಕೂತಿದೆ. ಈಗ ಕ್ಯಾಮೆರಾ ಪಕ್ಕಕ್ಕೆ ಹೋದಾಗ ಎಷ್ಟು ದೊಡ್ಡ ಮೈ ಕಾಣುತ್ತೆ, ಎದುರಿಗೆ ಬಂದಾಗ ಎಷ್ಟು ಕಿರಿದಾಗಿ ಕಾಣುತ್ತೆ, ಹೋಲಿಸಿ ನೋಡಿ. ಬಿಸಿಲು ಬೀಳೋ ಜಾಗವೂ ಅಷ್ಟೇ ಕಿರಿದಾಗುತ್ತೆ.

ಪ್ರಾಣಿಗಳ ಹೊಂದಾಣಿಕೆ ಅಂದ ಕೂಡಲೇ ಅಂಗಗಳ ಪಟ್ಟಿ ಶುರುವಾಗುತ್ತೆ: ಒಂಟೆಗೆ ಡುಬ್ಬ, ಹಲ್ಲಿಗೆ ಗೋಡೆ ಹಿಡಿಯೋ ಪಾದ, ಮೊಲಕ್ಕೆ ಬಿಳಿ ತುಪ್ಪಳ. ಪಟ್ಟಿಯಲ್ಲಿ ತಪ್ಪೇನಿಲ್ಲ, ಆದರೆ ಅದು ಅರ್ಧ ಮಾತ್ರ. ಆ ಅಂಗವನ್ನು ಯಾವ ಹೊತ್ತಲ್ಲಿ, ಯಾವ ಭಂಗಿಯಲ್ಲಿ ಬಳಸಬೇಕು ಅನ್ನೋ ನಡವಳಿಕೆ ಇನ್ನರ್ಧ. ಎರಡೂ ಸೇರಿದರೆ ಪ್ರಾಣಿ ಉಳಿಯುತ್ತೆ.

[ದೃಶ್ಯ: ಡುಬ್ಬದ ಸೀಳುಚಿತ್ರ]

ಒಂಟೆಯಿಂದಲೇ ಶುರು ಮಾಡೋಣ. ಡುಬ್ಬದಲ್ಲಿ ನೀರಿಲ್ಲ, ಇರೋದು ಕೊಬ್ಬು. ಆ ಕೊಬ್ಬು ಕರಗಿದಾಗ ನೀರು ಬರುತ್ತಲ್ಲ ಅಂತ ಕೆಲವರು ಕೇಳ್ತಾರೆ. ಬರುತ್ತೆ, 1 ಕಿಲೋ ಕೊಬ್ಬಿಗೆ ಸುಮಾರು 1.1 ಲೀಟರ್. ಆದರೆ ಅಷ್ಟು ಕೊಬ್ಬು ಉರಿಸೋಕೆ ಬೇಕಾದ ಆಮ್ಲಜನಕಕ್ಕಾಗಿ ಉಸಿರಾಡಬೇಕು, ಒಣ ಗಾಳಿಯಲ್ಲಿ ಉಸಿರಿನ ಜೊತೆ ಆವಿಯಾಗಿ ನೀರು ಹೊರಗೆ ಹೋಗುತ್ತೆ. ಕೂಡಿ ಕಳೆದರೆ ನೀರಿನ ಲಾಭ ಉಳಿಯಲ್ಲ. ಡುಬ್ಬ ಊಟದ ಬುತ್ತಿ. ಕೊಬ್ಬು ಒಂದೇ ಕಡೆ ಗುಡ್ಡೆಯಾಗಿ ಕೂತಿರೋದರಿಂದ ಇನ್ನೊಂದು ಉಪಕಾರವೂ ಇದೆ. ಅದು ಚರ್ಮದಡಿ ಮೈತುಂಬ ಹರಡಿದ್ದರೆ ಕಂಬಳಿ ಹೊದ್ದ ಹಾಗೆ ಒಳಗಿನ ಬಿಸಿ ಹೊರಗೆ ಹೋಗ್ತಾ ಇರಲಿಲ್ಲ.

ಹಾಗಾದರೆ ನೀರು ಉಳಿಯೋದು ಎಲ್ಲಿ? ಮೈಬಿಸಿಯಲ್ಲಿ. ನಮ್ಮ ದೇಹದ ತಾಪಮಾನ 37 ಡಿಗ್ರಿ ಆಸುಪಾಸಲ್ಲೇ ಇರಬೇಕು, ಸ್ವಲ್ಪ ಏರಿದರೂ ಬೆವರು ಸುರಿಯುತ್ತೆ. ಬಾಯಾರಿದ ಒಂಟೆ ಬೆವರೋಕೆ ಆತುರಪಡಲ್ಲ. ಬೆಳಗಿನ ಜಾವ 34 ಡಿಗ್ರಿಯಲ್ಲಿದ್ದ ಮೈ ಸಂಜೆಗೆ 40 ದಾಟೋವರೆಗೂ ಬಿಸಿಯಾಗಲು ಬಿಡುತ್ತೆ. 500 ಕಿಲೋ ತೂಕದ ದೇಹ 6 ಡಿಗ್ರಿ ಏರಿದಾಗ ಒಳಗೆ ಸೇರೋ ಶಾಖವನ್ನು ಬೆವರಿನಿಂದ ಕಳೆಯಬೇಕಿದ್ದರೆ ಹತ್ತಿರ ಹತ್ತಿರ 5 ಲೀಟರ್ ನೀರು ಖರ್ಚಾಗ್ತಿತ್ತು. ಆ ಶಾಖವನ್ನು ಹಿಡಿದಿಟ್ಟುಕೊಂಡು ರಾತ್ರಿಯ ತಣ್ಣನೆ ಗಾಳಿಗೆ ಪುಕ್ಕಟೆಯಾಗಿ ಬಿಟ್ಟುಬಿಡುತ್ತೆ. ದಿನಾ ನೀರು ಸಿಗೋ ಒಂಟೆಯಲ್ಲಿ ಈ ಏರಿಳಿತ 2 ಡಿಗ್ರಿ ಮಾತ್ರ. ಅಂದರೆ ಇದು ಬರಗಾಲಕ್ಕೆ ಮೀಸಲಾದ ಉಪಾಯ. ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಸಹಾರಾದಲ್ಲೇ ಇದ್ದು ಇದನ್ನೆಲ್ಲ ಅಳೆದು ತೋರಿಸಿದರು.

[ದೃಶ್ಯ: ಒಂಟೆಯ ಎದೆಯಡಿಯ ದಪ್ಪ ಗಟ್ಟಿ ಚರ್ಮ, ತೀರಾ ಹತ್ತಿರದಿಂದ]

ಇಲ್ಲೊಂದು ಅಡಚಣೆ ಇದೆ. ಬೆಳಿಗ್ಗೆಯೇ ಮೈ ಬೇಗ ಕಾದುಬಿಟ್ಟರೆ ಮಧ್ಯಾಹ್ನಕ್ಕೆ ಮಿತಿ ಮುಟ್ಟಿ ಬೆವರಲೇಬೇಕಾಗುತ್ತೆ. ಆದ್ದರಿಂದ ಮೈ ನಿಧಾನವಾಗಿ ಕಾಯಬೇಕು. ಆ ಕೆಲಸ ನಡವಳಿಕೆಯದ್ದು. ರಾತ್ರಿ ತಣ್ಣಗಾದ ನೆಲ ಮತ್ತೆ ಕಾಯೋ ಮುಂಚೆಯೇ ಒಂಟೆ ಕೂತುಬಿಡುತ್ತೆ, ವಿನಾಕಾರಣ ಏಳಲ್ಲ. ಎದೆಯಡಿ ಕಾಣ್ತಿದೆಯಲ್ಲ, ಈ ಗಟ್ಟಿ ಮೆತ್ತೆ, ಅದರ ಮೇಲೆ ಭಾರ ಬಿಟ್ಟಾಗ ಹೊಟ್ಟೆ ನೆಲಕ್ಕೆ ತಾಗದೆ ಅಡಿಯಲ್ಲಿ ಗಾಳಿ ಆಡುತ್ತೆ. ನೀರಿಲ್ಲದ ದಿನಗಳಲ್ಲಿ ಒಂದಕ್ಕೊಂದು ಒತ್ತಿಕೊಂಡೂ ಕೂರುತ್ತವೆ, ಒಂದರ ಪಕ್ಕೆಗೆ ಇನ್ನೊಂದು ಮರೆ. ತುಪ್ಪಳ ಹೊರಗಿನ ಬಿಸಿಯನ್ನು ಚರ್ಮದಿಂದ ದೂರ ಇಡುತ್ತೆ. ಅದನ್ನು ಬೋಳಿಸಿ ನೋಡಿದಾಗ ಒಂಟೆಯ ನೀರಿನ ಖರ್ಚು ಸುಮಾರು ಶೇಕಡಾ 50ರಷ್ಟು ಹೆಚ್ಚಾಯಿತು. ತಂಪಾಗಲಿ ಅಂತ ಬಿರುಬೇಸಿಗೆಯಲ್ಲಿ ದಟ್ಟ ತುಪ್ಪಳದ ಪ್ರಾಣಿಯನ್ನು ಬೋಳಿಸೋಕೆ ಹೊರಡೋರು ಈ ಅಂಕಿ ನೆನಪಿಟ್ಟುಕೊಳ್ಳಿ.

ಕೊನೆಗೆ ನೀರು ಸಿಕ್ಕ ಆ ಹತ್ತು ನಿಮಿಷ. ದೇಹದ ತೂಕದ ಕಾಲು ಭಾಗದಷ್ಟು ನೀರು ಕಳೆದುಕೊಂಡರೂ ಒಂಟೆ ಬದುಕಿರುತ್ತೆ. ಬೇರೆ ಎಷ್ಟೋ ಸಸ್ತನಿಗಳಿಗೆ ಬಿಸಿಲಲ್ಲಿ ಶೇಕಡಾ 15 ಹೋದರೇ ರಕ್ತ ಮಂದವಾಗಿ ಒಳಗಿನ ಶಾಖವನ್ನು ಚರ್ಮಕ್ಕೆ ತಲುಪಿಸಲಾಗದೆ ಜೀವ ಹೋಗುತ್ತೆ. ಮತ್ತೆ ನೀರು ಕಂಡಾಗ ಒಂಟೆ ಹತ್ತು ಹದಿನೈದು ನಿಮಿಷದಲ್ಲಿ 100 ಲೀಟರ್ ಕುಡಿಯಬಲ್ಲದು. ಬೇರೆ ಪ್ರಾಣಿ ಹೀಗೆ ಕುಡಿದರೆ ರಕ್ತ ತೆಳುವಾಗಿ ಕೆಂಪು ರಕ್ತಕಣಗಳು ಉಬ್ಬಿ ಒಡೆದುಹೋಗುತ್ತವೆ. ಒಂಟೆಯ ರಕ್ತಕಣ ಮೊಟ್ಟೆಯಾಕಾರದ್ದು, ಎರಡು ಪಟ್ಟಿಗಿಂತ ಹೆಚ್ಚು ಉಬ್ಬಿದರೂ ಒಡೆಯಲ್ಲ.

[ದೃಶ್ಯ: ಕಿಟಕಿ ಗಾಜಿನ ಮೇಲೆ ಹಲ್ಲಿ. ಗಾಜಿನ ಆಚೆಯಿಂದ ಅದರ ಪಾದದಡಿ ಕಾಣುವ ಹಾಗೆ.]

ಈಗ ಹಲ್ಲಿ. ಪಾದದಲ್ಲಿ ಅಂಟೂ ಇಲ್ಲ, ಗಾಳಿ ಹೀರೋ ಬಟ್ಟಲೂ ಇಲ್ಲ. ಬೆರಳಡಿ ಕಾಣೋ ಈ ಅಡ್ಡ ಪಟ್ಟಿಗಳ ಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಟೋಕೆ ಅನ್ನೋ ದೊಡ್ಡ ಹಲ್ಲಿಯಲ್ಲಿ ಒಂದೊಂದು ಪಾದಕ್ಕೆ ಸುಮಾರು 5 ಲಕ್ಷ. ಪ್ರತಿ ರೋಮದ ತುದಿ ಮತ್ತೆ ನೂರಾರು ಎಳೆಯಾಗಿ ಸೀಳಿದೆ. ಎಳೆಯ ತುದಿ 0.2 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ 5,000 ತುದಿಗಳನ್ನು ಸಾಲಾಗಿ ಇಡಬಹುದು. ಇಷ್ಟು ಸಣ್ಣ ತುದಿ ಗೋಡೆಗೆ ತೀರಾ ಹತ್ತಿರ ಹೋದಾಗ ಎರಡೂ ಕಡೆಯ ಅಣುಗಳು ಪರಸ್ಪರ ಎಳೆಯುತ್ತವೆ. ವ್ಯಾನ್ ಡರ್ ವಾಲ್ಸ್ ಬಲ ಅಂತಾರೆ ಇದಕ್ಕೆ. ಒಂದೊಂದರ ಎಳೆತ ಲೆಕ್ಕಕ್ಕೇ ಇಲ್ಲ, ಕೋಟಿಗಟ್ಟಲೆ ಸೇರಿದಾಗ ಹಲ್ಲಿಯ ಭಾರ ಏನೇನೂ ಅಲ್ಲ.

ಹಿಡಿಯೋದಕ್ಕಿಂತ ಬಿಡೋದೇ ಕಷ್ಟದ ಕೆಲಸ ಅಂತ ನಮಗನ್ನಿಸುತ್ತೆ. ಇಷ್ಟು ಬಿಗಿಯಾದ ಪಾದವನ್ನು ಓಡುವಾಗ ಸೆಕೆಂಡಿಗೆ ಹಲವು ಸಲ ಕೀಳಬೇಕಲ್ಲ? ನಿಧಾನಗತಿಯಲ್ಲಿ ನೋಡಿ.

[ದೃಶ್ಯ: ಬೆರಳ ತುದಿ ಮೇಲಕ್ಕೆ ಸುರುಳಿಯಾಗುತ್ತದೆ, ಆಮೇಲೆ ಪಾದ ಏಳುತ್ತದೆ.]

ಪಾದ ಊರುವಾಗ ಮೊದಲು ಮೆಲ್ಲಗೆ ಒತ್ತುತ್ತೆ, ಆಮೇಲೆ ಕೂದಲೆಳೆಗಿಂತ ಕಡಿಮೆ ದೂರ ಹಿಂದಕ್ಕೆ ಜಗ್ಗುತ್ತೆ. ಬರೀ ಒತ್ತಿದರೆ ರೋಮಗಳು ಸರಿಯಾಗಿ ಕೂರಲ್ಲ. ಕೀಳುವಾಗ ಪಾದವನ್ನು ಇಡಿಯಾಗಿ ಎಳೆಯಲ್ಲ, ಟೇಪ್ ಸುಲಿದ ಹಾಗೆ ಬೆರಳನ್ನು ತುದಿಯಿಂದ ಮೇಲಕ್ಕೆ ಸುರುಳಿ ಸುತ್ತುತ್ತೆ. ರೋಮ ಮತ್ತು ಗೋಡೆಯ ನಡುವಿನ ಕೋನ 30 ಡಿಗ್ರಿ ಆಸುಪಾಸಿಗೆ ಬಂದಾಗ ರೋಮ ತಾನಾಗೇ ಬಿಟ್ಟುಕೊಳ್ಳುತ್ತೆ. ರೋಮಕ್ಕೆ ಒಂದೇ ದಿಕ್ಕಿನ ಜಗ್ಗಾಟ ಬೇಕಾದ್ದರಿಂದ, ತಲೆಕೆಳಗಾಗಿ ಇಳಿಯುವಾಗ ಹಲ್ಲಿ ಹಿಂಗಾಲ ಪಾದವನ್ನು ಹಿಂದಕ್ಕೆ ತಿರುಗಿಸಿಕೊಳ್ಳುತ್ತೆ. ರಾತ್ರಿ ದೀಪದ ಬಳಿಯ ಕಿಟಕಿಯಲ್ಲಿ ಹಲ್ಲಿ ಕಂಡರೆ ಇದನ್ನು ಹುಡುಕಿ ನೋಡಿ. ಗಾಜಿನ ಆಚೆ ಬದಿಯಲ್ಲಿ ನಿಲ್ಲಿ, ಟಾರ್ಚ್ ಓರೆಯಾಗಿ ಹಿಡಿಯಿರಿ, ಹಲ್ಲಿಯನ್ನು ಮುಟ್ಟಬೇಡಿ.

ಮುಟ್ಟಬೇಡಿ ಅನ್ನೋದಕ್ಕೆ ಕಾರಣ ಬಾಲ. ಹೆದರಿದ ಹಲ್ಲಿ ಬಾಲ ಕಳಚುತ್ತೆ, ಅದು ಕುಣಿಯುತ್ತಾ ಶತ್ರುವಿನ ಗಮನ ಸೆಳೆಯೋವಾಗ ಹಲ್ಲಿ ಪಾರು. ಆದರೆ ಬಾಲದಲ್ಲಿ ಕೂಡಿಟ್ಟ ಕೊಬ್ಬೂ ಹೋಗುತ್ತೆ, ಮತ್ತೆ ಬೆಳೆಯೋ ಬಾಲದಲ್ಲಿ ಮೂಳೆ ಇರಲ್ಲ, ಮೃದ್ವಸ್ಥಿಯ ಕೊಳವೆ ಅಷ್ಟೇ. ಪಾದಕ್ಕೂ ಸೋಲಿದೆ: ತೊಯ್ದ ಗಾಜು, ಟೆಫ್ಲಾನ್ ಲೇಪ, ಪೊರೆ ಬಿಟ್ಟಾಗ ಬೆರಳಿಗೆ ಅಂಟಿ ಉಳಿದ ಹಳೆ ಚರ್ಮ. ಧೂಳು ಮಾತ್ರ ಅಷ್ಟು ದೊಡ್ಡ ತೊಂದರೆಯಲ್ಲ, ನಾಲ್ಕಾರು ಹೆಜ್ಜೆ ಇಡೋದರಲ್ಲಿ ಬಹುಪಾಲು ಉದುರುತ್ತೆ.

[ದೃಶ್ಯ: ಅಂಟಾರ್ಕ್ಟಿಕಾ, ಗುಂಪಾಗಿ ನಿಂತ ಎಂಪರರ್ ಪೆಂಗ್ವಿನ್‌ಗಳು. ವೇಗ ಹೆಚ್ಚಿಸಿದ ದೃಶ್ಯ.]

ಎಂಪರರ್ ಪೆಂಗ್ವಿನ್‌ನ ಗಂಡು, ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ಸುಮಾರು 65 ದಿನ ಕಾವು ಕೊಡುತ್ತೆ. ಗರಿ, ಕೊಬ್ಬು ಎಷ್ಟೇ ಇದ್ದರೂ ಒಂಟಿಯಾಗಿ ನಿಂತರೆ ಇಡೀ ಚಳಿಗಾಲದ ಉಪವಾಸಕ್ಕೆ ಆ ಕೊಬ್ಬು ಸಾಲಲ್ಲ. ಅದಕ್ಕೇ ಈ ಒತ್ತೊತ್ತಾದ ಗುಂಪು. ಅಲುಗಾಡದೆ ನಿಂತ ಹಾಗೆ ಕಾಣುತ್ತೆ, ಆದರೆ ಅರ್ಧ ನಿಮಿಷದಿಂದ ಒಂದು ನಿಮಿಷಕ್ಕೊಮ್ಮೆ ಎಲ್ಲವೂ 5ರಿಂದ 10 ಸೆಂಟಿಮೀಟರ್‌ನ ಪುಟ್ಟ ಹೆಜ್ಜೆ ಇಡುತ್ತವೆ, ಅಲೆ ಸರಿದ ಹಾಗೆ. ಹೀಗೆ ಅಂಚಿನಲ್ಲಿದ್ದವು ಒಳಗೆ ಬರುತ್ತವೆ. ಗುಂಪಿನ ನಡುವೆ 37 ಡಿಗ್ರಿವರೆಗೂ ಬಿಸಿ ಏರೋದುಂಟು, ಆಗ ಗುಂಪೇ ಸಡಿಲವಾಗಿ ಚದುರಿ ಮತ್ತೆ ಕೂಡುತ್ತೆ.

[ದೃಶ್ಯ: ಹಿಮ ಕರಗಿದ ಕಂದು ನೆಲದ ಮೇಲೆ ಅಲ್ಲಾಡದೆ ಕೂತ ಬಿಳಿ ಮೊಲ]

ಈ ದೃಶ್ಯ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತೆ. ಉತ್ತರ ಅಮೆರಿಕದ ಸ್ನೋಶೂ ಮೊಲ ಬೇಸಿಗೆಯಲ್ಲಿ ಕಂದು, ಚಳಿಗಾಲದಲ್ಲಿ ಬಿಳಿ. ಬಣ್ಣ ಬದಲಿಸೋ ಸೂಚನೆ ಬರೋದು ಹಿಮದಿಂದಲ್ಲ, ಹಗಲಿನ ಉದ್ದದಿಂದ. ಹಗಲು ಪ್ರತಿವರ್ಷ ಒಂದೇ ಲೆಕ್ಕದಲ್ಲಿ ಗಿಡ್ಡವಾಗುತ್ತೆ, ಹಿಮ ಮಾತ್ರ ಈಗ ತಡವಾಗಿ ಬಿದ್ದು ಬೇಗ ಕರಗುತ್ತಿದೆ. ಮೊಲದ ನಡವಳಿಕೆ ಹಳೆಯದೇ: ಅಪಾಯ ಕಂಡರೆ ಅಲ್ಲಾಡದೆ ಕೂರು. ಬಣ್ಣ ಹೊಂದಿದ್ದಾಗ ಜೀವ ಉಳಿಸೋ ಅದೇ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರಲ್ಲ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮೊಲಗಳಿಗೆ ರೇಡಿಯೋ ಪಟ್ಟಿ ಕಟ್ಟಿ ಹಿಂಬಾಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು: ನೆಲಕ್ಕೆ ಬಣ್ಣ ಹೊಂದದ ಮೊಲಗಳು ಬದುಕುಳಿಯೋ ಪ್ರಮಾಣ ವಾರಕ್ಕೆ ಹೆಚ್ಚೆಂದರೆ ಶೇಕಡಾ 7ರಷ್ಟು ಕಡಿಮೆಯಾಗಿತ್ತು. ತನ್ನ ಬಣ್ಣಕ್ಕೆ ತಕ್ಕ ಜಾಗ ಹುಡುಕಿ ಕೂರೋ ಅಭ್ಯಾಸವೂ ಅವುಗಳಲ್ಲಿ ಕಾಣಲಿಲ್ಲ.

ಆದರೆ ಪೆಸಿಫಿಕ್ ಕರಾವಳಿಯ ಕಡೆ, ಹಿಮ ಅಷ್ಟಾಗಿ ನಿಲ್ಲದ ಪ್ರದೇಶದಲ್ಲಿ, ಇದೇ ಜಾತಿಯ ಮೊಲಗಳು ಚಳಿಗಾಲದಲ್ಲೂ ಕಂದಾಗೇ ಇರುತ್ತವೆ. ಆ ಬಣ್ಣದ ಜೀನ್ ಬಹಳ ಹಿಂದೆ ಜ್ಯಾಕ್‌ರ‍್ಯಾಬಿಟ್ ಅನ್ನೋ ಬೇರೆ ಜಾತಿಯ ಮೊಲದ ಜೊತೆ ಕೂಡಿದಾಗ ಬಂದದ್ದು ಅಂತ 2018ರಲ್ಲಿ ಗೊತ್ತಾಯಿತು. ಎರಡು ಬಗೆಯ ಪ್ರದೇಶಗಳು ಸೇರೋ ಅಂಚಿನಲ್ಲಿ, ಒಂದೇ ಕಾಡಿನಲ್ಲಿ, ಚಳಿಗಾಲದ ಒಂದೇ ದಿನ, ಬಿಳಿ ಮೊಲವೂ ಸಿಗುತ್ತೆ, ಕಂದು ಮೊಲವೂ ಸಿಗುತ್ತೆ.

[ದೃಶ್ಯ: ತೆಳು ಹಿಮದ ಮೇಲೆ ಎರಡು ಮೊಲಗಳು. ಪರದೆ ನಿಧಾನವಾಗಿ ಕಪ್ಪಾಗುತ್ತದೆ.]